ಆಟಿ ಹಾಕಿದ ಗೆರೆ

ಮಳೆಗಾಲದಲ್ಲಿ ಉಪ್ಪಿನಂಗಡಿಯ ಕಣ್ಣೆಲ್ಲ ಸಹಸ್ರಲಿಂಗೇಶ್ವರ ದೇವಸ್ಥಾನದ ಮೆಟ್ಟಿಲುಗಳ ಮೇಲೆ. ನೇತ್ರಾವತಿಯೂ ಕುಮಾರಧಾರೆಯೂ ಏರಿ ಇಂದೆಷ್ಟು ಮೆಟ್ಟಿಲು ಮುಳುಗಿದವು ಎಂಬುದೇ ಊರಿನ ಸುದ್ದಿ. ಮಖೆ ಜಾತ್ರೆಗೆ ಜನ ನೆರೆದಿದ್ದ ಮರಳು ಆಗ ನೀರಿನಡಿ. ನೆರೆಯನ್ನು ಅಳೆಯುವ ಮಾತಿನಲ್ಲಿ 1923, 1974 ಇಂದಿಗೂ ಬರುತ್ತವೆ. ಸೇತುವೆಗಳಿಲ್ಲದ ಕಾಲದಲ್ಲಿ ಕಡವಿನ ದೋಣಿ ನಿಂತರೆ ಆಚೆ ದಡದ ಕೆಲಸವೂ ನಿಂತಂತೆ.

ಕೆಲಸ ನಿಲ್ಲಿಸಲು ಹೊಳೆ ಹಾಕುವ ಈ ಗೆರೆಯನ್ನು ತುಳುವರ ತಿಂಗಳೆಣಿಕೆಯೂ ಹಾಕಿಟ್ಟಿತ್ತು. ಮೇ 24ರ ಸುಮಾರಿಗೆ, ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮ, ಜಾತ್ರೆಗಳು ನಿಲ್ಲುತ್ತವೆ. ಆಮೇಲೆ ಗದ್ದೆಯ ದುಡಿತ. ನೇಜಿ ನೆಟ್ಟು ಕೈ ತೊಳೆಯುವ ಹೊತ್ತಿಗೆ, ಜುಲೈ ನಡುವಿನಲ್ಲಿ, ಆಟಿ ತಿಂಗಳು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಅಟ್ಟದಲ್ಲಿದ್ದ ಚೆನ್ನೆಮಣೆ ಕೆಳಗಿಳಿದು, ಅದರ 14 ಗುಳಿಗಳಲ್ಲಿ ಮಂಜೊಟ್ಟಿ ಬೀಜ ಓಡಾಡುತ್ತದೆ.

ಮಣ್ಣಿಗೂ ಬಿಡುವಿತ್ತು. ಫೆಬ್ರವರಿಯ ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗುತ್ತಾಳೆಂದು ನೇಗಿಲು, ಹಾರೆ ಮುಟ್ಟುತ್ತಿರಲಿಲ್ಲ.

ಮನಸ್ಸು ದಣಿದವರಿಗೆ ಇಂದಿನ ಆಪ್ತಸಮಾಲೋಚಕರು ‘ಬೇಡ’ ಎನ್ನಲು ಕಲಿಯಿರಿ ಎನ್ನುತ್ತಾರೆ. ಹೊಸ ಸೊಸೆಗೆ ಅತ್ತೆಯೆದುರು ಆ ಮಾತು ಎಲ್ಲಿ ಬಂದೀತು? ಅವಳ ಪರವಾಗಿ ಆಟಿಯೇ ಮಾತಾಡುತ್ತಿತ್ತು. ‘ಆಟಿ ಕೂರಲು’ ತವರಿಗೆ ಹೋಗುವುದು ಕಟ್ಟಳೆ; ಅದಕ್ಕೆ ಕಾರಣ ಕೊಡಬೇಕಿರಲಿಲ್ಲ, ಅಪ್ಪಣೆ ಬೇಡಬೇಕಿರಲಿಲ್ಲ.

ಆದರೆ ಈ ಬಿಡುವು ಎಲ್ಲರಿಗೂ ಒಂದೇ ಆಗಿರಲಿಲ್ಲ. ಕೂಲಿಯವರಿಗೆ ಕೆಲಸವಿಲ್ಲದ ದಿನ ಅಕ್ಕಿಯೂ ಇಲ್ಲ. ತಜಂಕ್ ಸೊಪ್ಪು, ಕಣಿಲೆ, ಕೆಸು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ: ಇಂದು ‘ಆಟಿ ವಿಶೇಷ’ ಎಂದು ಬಡಿಸುವ ಇವೆಲ್ಲ ಹಸಿವಿನ ತಿಂಗಳ ಅಡುಗೆ. ಊರಿನ ಮಾರಿ ಕಳೆಯಲು ತಾಳೆಗರಿಯ ಕೊಡೆ ತಿರುಗಿಸುತ್ತ ಮನೆಮನೆಗೆ ಬರುತ್ತಿದ್ದ ಆಟಿ ಕಳೆಂಜನ ಮನೆಗೂ ಜನ ಕೊಡುವ ಒಂದು ಸೇರು ಅಕ್ಕಿ ಬೇಕಿತ್ತು.

ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಗೆರೆ ಮಸುಕಾಯಿತು. ಕೊಳೆರೋಗಕ್ಕೆ ಆಟಿ ಗೊತ್ತಿಲ್ಲ; ಮಳೆ ಹೊಳವಾದ ಗಳಿಗೆ ಹಿಡಿದು ಬೋರ್ಡೋ ದ್ರಾವಣ ಸಿಂಪಡಿಸಲೇಬೇಕು. ಇತ್ತ ಸಭಾಭವನಗಳಲ್ಲಿ ‘ಆಟಿಡೊಂಜಿ ದಿನ’ದ ಕಾರ್ಯಕ್ರಮ: ತಿಂಗಳ ಬಿಡುವು ಒಂದು ಭಾನುವಾರದ ಊಟಕ್ಕೆ ಇಳಿದಿದೆ.

ಆಟಿ ಅಮಾವಾಸ್ಯೆ ಮಾತ್ರ ಹಾಗೇ ಉಳಿದಿದೆ. ಸೂರ್ಯ ಹುಟ್ಟುವ ಮುನ್ನ ಪಾಲೆ ಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು, ಕಹಿ ಕಷಾಯವನ್ನು ಬರಿಹೊಟ್ಟೆಗೆ ಕುಡಿಯುತ್ತಾರೆ. ಮೇಲಿಂದ ಮೆಂತೆ ಗಂಜಿ. ಆಮೇಲೆ ಎಂದಿನಂತೆ ಕೆಲಸಕ್ಕೆ, ಎಂಟು ಗಂಟೆಗೆ ಪುತ್ತೂರಿನ ಬಸ್ಸು.