ವೈದ್ಯೋಪಚಾರ ಸಿಬ್ಬಂದಿಯ ಮೇಲಿನ ಹಿಂಸಾಚಾರ: ಕಾನೂನು, ಕಾರಣಗಳು ಮತ್ತು ದೂರು ಸಲ್ಲಿಸುವ ಮಾರ್ಗ

ಪೀಠಿಕೆ

ಆಸ್ಪತ್ರೆಗಳಲ್ಲಿ ಕರ್ತವ್ಯನಿರತ ವೈದ್ಯರು, ಶುಶ್ರೂಷಕಿಯರು ಹಾಗೂ ಇತರ ಸಿಬ್ಬಂದಿಯ ಮೇಲೆ ರೋಗಿಗಳ ಕಡೆಯವರು ಹಲ್ಲೆ ನಡೆಸಿದಾಗ ಅದರ ಪರಿಣಾಮವು ಹಲ್ಲೆಗೊಳಗಾದವರಿಗಷ್ಟೇ ಸೀಮಿತವಾಗುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ವೈದ್ಯರಿರುವ ಆಸ್ಪತ್ರೆಯಲ್ಲಿ ಅವರು ಗಾಯಗೊಂಡರೆ, ಅನಂತರ ಬರುವ ಹಾವು ಕಡಿತದ ರೋಗಿಗೂ ಹೆರಿಗೆ ನೋವಿನ ಗರ್ಭಿಣಿಗೂ ಚಿಕಿತ್ಸೆ ದೊರೆಯದಂತಾಗುತ್ತದೆ. 2019ರ ಜೂನ್ 10ರಂದು ಕೋಲ್ಕತ್ತದ ಎನ್.ಆರ್.ಎಸ್. ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವೃದ್ಧ ರೋಗಿಯೊಬ್ಬರು ಮೃತಪಟ್ಟ ನಂತರ ನಡೆದ ಹಲ್ಲೆಯಲ್ಲಿ ಕಿರಿಯ ವೈದ್ಯರಿಬ್ಬರು ಗಾಯಗೊಂಡರು. ತದನಂತರದ ಮುಷ್ಕರವು ಜೂನ್ 17ರಂದು ದೇಶವ್ಯಾಪಿಯಾಗಿ, ಅನೇಕ ರಾಜ್ಯಗಳಲ್ಲಿ ಹೊರರೋಗಿ ಸೇವೆಗಳು ಸ್ಥಗಿತಗೊಂಡವು.

ಹಿಂಸಾಚಾರಕ್ಕೆ ಸಾಮಾನ್ಯ ಕಾರಣಗಳು

ತುರ್ತು ಚಿಕಿತ್ಸಾ ಘಟಕದಲ್ಲಿ ರೋಗಿಗಳನ್ನು ಬಂದ ಸರದಿಯಂತೆ ನೋಡದೆ, ರೋಗದ ತೀವ್ರತೆಯನ್ನು ಅನುಸರಿಸಿ ನೋಡಲಾಗುತ್ತದೆ. ಇದನ್ನು ತಿಳಿಸಿ ಹೇಳದಿದ್ದಾಗ, ಮೊದಲು ಬಂದವರು ತಮ್ಮನ್ನು ಕಡೆಗಣಿಸಲಾಗಿದೆ ಎಂದು ಭಾವಿಸುವುದುಂಟು. ಹಾಸಿಗೆ ಅಥವಾ ತಜ್ಞರ ಕೊರತೆಯಿಂದ ಬೇರೆ ಆಸ್ಪತ್ರೆಗೆ ಕಳುಹಿಸುವುದು, ಅನಿರೀಕ್ಷಿತವಾದ ಚಿಕಿತ್ಸಾ ವೆಚ್ಚ, ವಾರ್ಡಿನಲ್ಲಿ ಸಂಬಂಧಿಕರ ಗುಂಪು ಸೇರುವುದು ಇವು ಇತರ ಕಾರಣಗಳು. ಸಾವಿನ ಸುದ್ದಿಯನ್ನು ತಿಳಿಸುವ ರೀತಿಯೂ ಮುಖ್ಯವಾದುದು. ರೋಗಿಯ ಸ್ಥಿತಿ ಗಂಭೀರವಾಗಿದೆ ಎಂದು ಮುಂಚಿತವಾಗಿ ತಿಳಿಯದ ಕುಟುಂಬಕ್ಕೆ ಕಾರಿಡಾರಿನಲ್ಲಿ ಏಕಾಏಕಿ ಮರಣವಾರ್ತೆ ತಲುಪಿದರೆ, ದುಃಖವು ಕ್ಷಣದಲ್ಲಿ ಕ್ರೋಧವಾಗಿ ಮಾರ್ಪಡುತ್ತದೆ. ಇಂತಹ ಕ್ರೋಧಕ್ಕೆ ಗುರಿಯಾಗುವವರು ಬಹುಪಾಲು ಹಾಸಿಗೆ ಅಥವಾ ಶುಲ್ಕದ ಬಗ್ಗೆ ತೀರ್ಮಾನಿಸುವ ಅಧಿಕಾರವಿಲ್ಲದ ಕಿರಿಯ ವೈದ್ಯರು ಮತ್ತು ಶುಶ್ರೂಷಕಿಯರು.

ಅನ್ವಯವಾಗುವ ಕಾನೂನುಗಳು

1. ವೈದ್ಯೋಪಚಾರ ಸಿಬ್ಬಂದಿಯ ಮೇಲಿನ ಹಿಂಸಾಚಾರ ಮತ್ತು ವೈದ್ಯೋಪಚಾರ ಸಂಸ್ಥೆಗಳ ಆಸ್ತಿ ಹಾನಿಯನ್ನು ನಿಷೇಧಿಸುವ ಕರ್ನಾಟಕದ ಅಧಿನಿಯಮ, 2009: ಇದು ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡಕ್ಕೂ ಅನ್ವಯಿಸುತ್ತದೆ. ವೈದ್ಯರು, ಶುಶ್ರೂಷಕಿಯರು, ಅರೆವೈದ್ಯಕೀಯ ಸಿಬ್ಬಂದಿಯಲ್ಲದೆ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳಿಗೂ ರಕ್ಷಣೆ ಇದೆ. ಗಾಯಗೊಳಿಸುವುದು ಮಾತ್ರವಲ್ಲದೆ ಬೆದರಿಸುವುದು ಮತ್ತು ಕರ್ತವ್ಯಕ್ಕೆ ಅಡ್ಡಿಪಡಿಸುವುದು ಸಹ ಹಿಂಸಾಚಾರವೆನಿಸುತ್ತದೆ. ಅಪರಾಧವು ಸಂಜ್ಞೇಯ ಹಾಗೂ ಜಾಮೀನುರಹಿತವಾಗಿದ್ದು, 3 ವರ್ಷಗಳವರೆಗಿನ ಕಾರಾವಾಸ ಮತ್ತು 50,000 ರೂಪಾಯಿಗಳವರೆಗಿನ ದಂಡಕ್ಕೆ ಅವಕಾಶವಿದೆ. ಹಾನಿಗೊಳಿಸಿದ ವೈದ್ಯಕೀಯ ಉಪಕರಣದ ಖರೀದಿ ಬೆಲೆಯ ಎರಡರಷ್ಟನ್ನು ತೆರಬೇಕಾಗುತ್ತದೆ. 2024ರಲ್ಲಿ ರಾಜ್ಯ ವಿಧಾನಮಂಡಲವು ಅಂಗೀಕರಿಸಿದ ತಿದ್ದುಪಡಿಯು ಸಿಬ್ಬಂದಿಯನ್ನು ಉದ್ದೇಶಪೂರ್ವಕವಾಗಿ ಅವಮಾನಿಸುವುದಕ್ಕೂ ಸಂಬಂಧಿಸಿದೆ.

2. ಸಾಂಕ್ರಾಮಿಕ ರೋಗಗಳ (ತಿದ್ದುಪಡಿ) ಅಧಿನಿಯಮ, 2020: ಕೋವಿಡ್ ಸಂದರ್ಭದಲ್ಲಿ ಕೇಂದ್ರ ಸರ್ಕಾರವು ರೂಪಿಸಿದ ಈ ಕಾನೂನು ಸಾಂಕ್ರಾಮಿಕದ ಅವಧಿಯಲ್ಲಿ ಅನ್ವಯಿಸುತ್ತದೆ. ಹಿಂಸಾಚಾರಕ್ಕೆ 3 ತಿಂಗಳಿನಿಂದ 5 ವರ್ಷಗಳವರೆಗೆ, ತೀವ್ರ ಗಾಯವಾದಲ್ಲಿ 6 ತಿಂಗಳಿನಿಂದ 7 ವರ್ಷಗಳವರೆಗೆ ಕಾರಾವಾಸ ವಿಧಿಸಬಹುದು. ಸಮುದಾಯ ಆರೋಗ್ಯ ಕಾರ್ಯಕರ್ತರೂ ಇದರ ವ್ಯಾಪ್ತಿಗೆ ಬರುತ್ತಾರೆ.

3. ಭಾರತೀಯ ನ್ಯಾಯ ಸಂಹಿತೆ, 2023: ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿಯು ಲೋಕಸೇವಕರಾಗಿರುವುದರಿಂದ, ಅವರ ಕರ್ತವ್ಯವನ್ನು ತಡೆಯಲು ಹಲ್ಲೆ ನಡೆಸಿದಲ್ಲಿ 132ನೇ ಪ್ರಕರಣವೂ ಅನ್ವಯಿಸುತ್ತದೆ.

ಕೇಂದ್ರ ಆರೋಗ್ಯ ಸಚಿವಾಲಯವು 2024ರ ಆಗಸ್ಟ್ 16ರಂದು ಹೊರಡಿಸಿದ ಸೂಚನೆಯಂತೆ, ಘಟನೆ ನಡೆದ ಗರಿಷ್ಠ 6 ಗಂಟೆಗಳೊಳಗೆ ಸಂಸ್ಥೆಯ ವತಿಯಿಂದಲೇ ಪ್ರಥಮ ವರ್ತಮಾನ ವರದಿ ದಾಖಲಿಸುವ ಹೊಣೆಯು ಸಂಸ್ಥೆಯ ಮುಖ್ಯಸ್ಥರದ್ದಾಗಿರುತ್ತದೆ.

ಚಿಕಿತ್ಸೆಯ ಬಗ್ಗೆ ದೂರು ಇದ್ದಲ್ಲಿ

ರೋಗಿಯ ಕುಟುಂಬಕ್ಕೆ ನ್ಯಾಯಯುತ ಅಸಮಾಧಾನ ಇರಬಹುದು. ಅದಕ್ಕೆ ಕಾನೂನಿನಲ್ಲಿ ಈ ಕೆಳಕಂಡ ಮಾರ್ಗಗಳಿವೆ:

• ಚಿಕಿತ್ಸಾ ದಾಖಲೆಗಳ ಪ್ರತಿಗಾಗಿ ರೋಗಿ ಅಥವಾ ಅಧಿಕೃತ ಪ್ರತಿನಿಧಿಯು ಕೋರಿಕೆ ಸಲ್ಲಿಸಿದಲ್ಲಿ, ವೈದ್ಯಕೀಯ ನೀತಿಸಂಹಿತೆಯ ವಿನಿಯಮಗಳು, 2002ರ ಅನ್ವಯ 72 ಗಂಟೆಗಳೊಳಗೆ ಒದಗಿಸಬೇಕು.
• ಸಾವಿನ ಕಾರಣದ ಬಗ್ಗೆ ಸಂಶಯವಿದ್ದಲ್ಲಿ, ಅಂತ್ಯಸಂಸ್ಕಾರಕ್ಕೆ ಮೊದಲೇ ಪೊಲೀಸ್ ಠಾಣೆಗೆ ಲಿಖಿತ ದೂರು ನೀಡಿ ಮರಣೋತ್ತರ ಪರೀಕ್ಷೆಯನ್ನು ಕೋರಬೇಕು. ಅನಂತರ ಈ ಸಾಕ್ಷ್ಯವು ದೊರೆಯುವುದು ಕಷ್ಟ.
• ಸರ್ಕಾರಿ ಆಸ್ಪತ್ರೆಗೆ ಸಂಬಂಧಿಸಿದ ದೂರನ್ನು ಆಡಳಿತ ವೈದ್ಯಾಧಿಕಾರಿ ಅಥವಾ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗೆ ಸಲ್ಲಿಸಬಹುದು.
• ಖಾಸಗಿ ಆಸ್ಪತ್ರೆಯ ವಿರುದ್ಧ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ನೀಡಬಹುದು. ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆಹಿಡಿಯುವಂತಿಲ್ಲ.
• ವೈದ್ಯರ ವೃತ್ತಿ ದುರ್ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಸಲ್ಲಿಸಬಹುದು.
• ಶುಲ್ಕ ಪಾವತಿಸಿ ಪಡೆದ ಚಿಕಿತ್ಸೆಯಲ್ಲಿನ ನ್ಯೂನತೆಗೆ, 2 ವರ್ಷಗಳೊಳಗೆ ಗ್ರಾಹಕರ ಆಯೋಗದಲ್ಲಿ ಪರಿಹಾರ ಕೋರಬಹುದು.

ಚಿಕಿತ್ಸೆ ಫಲಿಸದಿರುವುದು ತಾನೇ ತಾನಾಗಿ ನಿರ್ಲಕ್ಷ್ಯವಾಗುವುದಿಲ್ಲ. ವೈದ್ಯರ ವಿರುದ್ಧ ಕ್ರಿಮಿನಲ್ ಹೊಣೆಗಾರಿಕೆಗೆ ತೀವ್ರ ಸ್ವರೂಪದ ನಿರ್ಲಕ್ಷ್ಯವಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ತೀರ್ಪು ನೀಡಿದೆ. ದಾಖಲೆಗಳು ಹಾಗೂ ಮರಣೋತ್ತರ ವರದಿಯೇ ಇಂತಹ ಪ್ರಕರಣದ ಆಧಾರ. ಗಲಭೆಯಲ್ಲಿ ದಾಖಲೆಗಳು ನಾಶವಾದರೆ ನಷ್ಟವಾಗುವುದು ದೂರುದಾರರಿಗೇ. ಜೊತೆಗೆ, ದುಃಖದಲ್ಲಿರುವ ಕುಟುಂಬವೇ ಆರೋಪಿ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ.

ಆಸ್ಪತ್ರೆಗಳು ಗಮನಿಸಬೇಕಾದ ಅಂಶಗಳು

• ಗಂಭೀರ ರೋಗಿಯ ಸ್ಥಿತಿಯನ್ನು ಕುಟುಂಬದವರಿಗೆ ಅವರ ಭಾಷೆಯಲ್ಲಿ ನಿಯತವಾಗಿ ತಿಳಿಸುವುದು.
• ಮರಣವಾರ್ತೆಯನ್ನು ಹಿರಿಯ ವೈದ್ಯರೇ, ಪ್ರತ್ಯೇಕ ಕೊಠಡಿಯಲ್ಲಿ ಕುಳ್ಳಿರಿಸಿ ತಿಳಿಸುವುದು.
• ರೋಗಿಯೊಂದಿಗಿರುವ ಸಂಬಂಧಿಕರ ಸಂಖ್ಯೆಯನ್ನು ಮಿತಿಗೊಳಿಸುವುದು.
• ದರಪಟ್ಟಿ, ಕಾನೂನಿನ ಸೂಚನಾ ಫಲಕ ಮತ್ತು ದೂರು ಸಲ್ಲಿಸಬೇಕಾದ ಅಧಿಕಾರಿಯ ವಿವರಗಳನ್ನು ಪ್ರವೇಶದ್ವಾರದಲ್ಲಿ ಪ್ರದರ್ಶಿಸುವುದು.

ಹಲ್ಲೆಯ ಸಂಭವ ಕಂಡುಬಂದಲ್ಲಿ ಸಿಬ್ಬಂದಿ ಅಥವಾ ಸ್ಥಳದಲ್ಲಿರುವ ಯಾರೇ ಆಗಲಿ 112 ಸಂಖ್ಯೆಗೆ ಕರೆ ಮಾಡಬಹುದು. ಜೊತೆಯಲ್ಲಿರುವ ಹಿರಿಯರು ಉದ್ವಿಗ್ನರಾದವರನ್ನು ವಾರ್ಡಿನಿಂದ ಹೊರಗೆ ಕರೆದೊಯ್ದು ಸಮಾಧಾನಪಡಿಸುವುದರಿಂದಲೂ ಅನೇಕ ಅನಾಹುತಗಳನ್ನು ತಪ್ಪಿಸಬಹುದಾಗಿದೆ.