ಕೂಸಿನ ಕುಲಾವಿ, ದರ್ಜಿಯ ಅಳತೆ ಪುಸ್ತಕ

‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ.’ ಈ ಗಾದೆಯನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಆಡಿದ್ದೇವೆ. ಆತುರಗಾರರನ್ನು ಹಂಗಿಸಲು ಇದು ಒಳ್ಳೆಯ ಮಾತು. ಆದರೆ ಗಾದೆಯ ಒಳಗೆ ಒಂದು ಲೆಕ್ಕದ ಪ್ರಶ್ನೆಯೂ ಅಡಗಿದೆ. ತಲೆ ಎಷ್ಟು ದೊಡ್ಡದೆಂದು ತಿಳಿಯದೆ ಕುಲಾವಿಗೆ ಬಟ್ಟೆ ಕತ್ತರಿಸುವುದು ಹೇಗೆ? ಕೂಸು ಹುಟ್ಟಿದ ಮೇಲೆ ಅಳತೆ ತೆಗೆದರೂ ಆ ಅಳತೆ ಎಷ್ಟು ದಿನ ಉಳಿದೀತು? ಹುಟ್ಟಿದಾಗ ಕೂಸಿನ ತಲೆಯ ಸುತ್ತಳತೆ ಸುಮಾರು 34ರಿಂದ 35 ಸೆಂಟಿಮೀಟರ್. ವರ್ಷ ತುಂಬುವಷ್ಟರಲ್ಲಿ ಅದು 45-46 ಆಗುತ್ತದೆ. ಮೈಯಂತೂ ಇನ್ನೂ ಬೇಗ ಬೆಳೆಯುತ್ತದೆ. ಮೊದಲ ವರ್ಷದಲ್ಲೇ ಕೂಸು ಒಂದು ಗೇಣಿಗಿಂತ ಹೆಚ್ಚು ಉದ್ದವಾಗುತ್ತದೆ.

ಬೆಳೆಯುವ ಮೈಗೆ ಬಟ್ಟೆ ಹೊಂದಿಸುವುದು ಅಂದಿನಿಂದ ಇಂದಿನವರೆಗೂ ತಾಯಂದಿರ ಮತ್ತು ದರ್ಜಿಗಳ ಚಿಂತೆ. ಈ ಚಿಂತೆಗೆ ಒಂದು ಚರಿತ್ರೆಯಿದೆ. ಅದರ ಒಂದು ಎಳೆ ನಮ್ಮ ಹಂಪಿಯಲ್ಲೇ ಸಿಗುತ್ತದೆ.

ಆಸ್ಥಾನದಿಂದ ತೊಟ್ಟಿಲಿಗೆ

ಕುಲಾವಿ ಎಂಬುದು ಫಾರಸಿಯ ‘ಕುಲಾಹ್’ ಪದದಿಂದ ಬಂದ ಮಾತು. ಕುಲಾಹ್ ಎಂದರೆ ಟೋಪಿ. ವಿಜಯನಗರದ ಅರಸರು ಆಸ್ಥಾನದಲ್ಲಿ ತೊಡುತ್ತಿದ್ದ ಜರತಾರಿಯ ಎತ್ತರದ ಟೋಪಿಗೂ ಇದೇ ಹೆಸರು: ಕುಲ್ಲಾಯಿ. ತಿರುಪತಿಯಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲೆ ಈ ಟೋಪಿಯನ್ನು ಇಂದಿಗೂ ಕಾಣಬಹುದು. 1520ರ ಆಸುಪಾಸಿನಲ್ಲಿ ರಾಜಧಾನಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕೂಡ ಅರಸನ ತಲೆಯ ಮೇಲಿದ್ದ ಜರಿಯ ಟೋಪಿಯನ್ನು ವರ್ಣಿಸಿದ್ದಾನೆ. ಟೋಪಿಯ ಜೊತೆಗೆ ತೊಡುತ್ತಿದ್ದ ಉದ್ದ ತೋಳಿನ ನಿಲುವಂಗಿ ‘ಕಬಾಯಿ’. ಅದು ಅರಬಿಯ ‘ಖಬಾ’ ಎಂಬುದರಿಂದ ಬಂದದ್ದು. ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರ ತಮ್ಮ ಲೇಖನದಲ್ಲಿ ಈ ಎರಡೂ ಉಡುಪುಗಳ ಕಥೆಯನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ. ಗುಡಿಗಳನ್ನು ಕಟ್ಟಿಸಿದ ಹಿಂದೂ ಅರಸರು ಇಸ್ಲಾಮೀ ಜಗತ್ತಿನ ರಾಜಸಭೆಗಳ ಉಡುಪನ್ನು ಯಾವ ಅಳುಕೂ ಇಲ್ಲದೆ ತೊಟ್ಟರು. ಅಂದಿನ ದೊಡ್ಡ ಲೋಕದಲ್ಲಿ ಅರಸನೆನಿಸಿಕೊಳ್ಳಲು ಅದು ಬೇಕಿತ್ತು.

ಆಸ್ಥಾನ 1565ರಲ್ಲಿ ಹಾಳಾಯಿತು. ಟೋಪಿ ಮಾತ್ರ ಉಳಿಯಿತು. ಅರಸರ ತಲೆಯಿಂದ ಇಳಿದ ಆ ಹೆಸರು ಕನ್ನಡದ ತೊಟ್ಟಿಲಲ್ಲಿ ಮಲಗಿದ ಕೂಸುಗಳ ತಲೆಗೆ ಬಂದು ಕೂತಿತು. ಇಂದು ಯಾವ ಅಜ್ಜಿಯೂ ಕುಲಾವಿಯನ್ನು ಪರಭಾಷೆಯ ಮಾತೆಂದು ಭಾವಿಸುವುದಿಲ್ಲ. ಹೊಲಿಗೆಯ ಮಾತುಗಳೇ ಹೀಗೆ. ದರ್ಜಿ, ಅಸ್ತರು, ಗಜ ಫಾರಸಿಯಿಂದ ಬಂದವು; ಜೇಬು ಅರಬಿಯದು; ಗುಂಡಿ ಹಾಕುವ ಕಾಜ ಪೋರ್ಚುಗೀಸರದು; ಇಂಚು ಇಂಗ್ಲಿಷಿನದು. ಇವೆಲ್ಲ ಅಂಗಿ, ಕುಪ್ಪಸ, ಕಸೆಗಳ ಜೊತೆ ಸೇರಿ ಒಂದೇ ಡಬ್ಬಿಯ ಸೂಜಿ-ದಾರದಂತೆ ಬದುಕುತ್ತಿವೆ.

ಕಸೆ ಮತ್ತು ಉಡದಾರ

ಸುತ್ತಿಕೊಳ್ಳುವ ಬಟ್ಟೆಗೆ ಅಳತೆಯ ಕಾಟವಿಲ್ಲ. ಪಂಚೆ, ಸೀರೆ, ರುಮಾಲು ಯಾರ ಮೈಗಾದರೂ ಹೊಂದುತ್ತವೆ. ಕತ್ತರಿಸಿ ಹೊಲಿದ ಬಟ್ಟೆ ಹಾಗಲ್ಲ, ಅದಕ್ಕೆ ಮೈಯ ಲೆಕ್ಕ ಬೇಕು. ಹೊಲಿದ ಉಡುಪು ವಿಜಯನಗರಕ್ಕೂ ಮುಂಚೆ ನಮ್ಮಲ್ಲಿ ಇತ್ತು. ಆದರೆ ಹಳ್ಳಿಯ ಮಕ್ಕಳಿಗೆ ಅದು ಹಬ್ಬ-ಹರಿದಿನದ ಮಾತು. ನಡೆದಾಡುವವರೆಗೆ ಉಡದಾರವೇ ಉಡುಪು.

ಆ ಉಡದಾರ ಬರಿಯ ಅಲಂಕಾರವೂ ಅಲ್ಲ, ಬರಿಯ ದೃಷ್ಟಿದಾರವೂ ಅಲ್ಲ. ಅದು ಬಿಗಿಯಾದರೆ ಕೂಸು ಮೈ ತುಂಬಿದೆ ಎಂದು ಅಜ್ಜಿ ಹಿಗ್ಗುತ್ತಿದ್ದಳು. ಗಂಟು ಬಿಚ್ಚಿ ಸಡಿಲಿಸಿ ಕಟ್ಟುತ್ತಿದ್ದಳು. ಸಡಿಲಾಗಿ ಜಾರಿದರೆ ಅವಳ ಮುಖ ಚಿಕ್ಕದಾಗುತ್ತಿತ್ತು. ತಕ್ಕಡಿ ಇಲ್ಲದ ಮನೆಯಲ್ಲಿ ಕೂಸಿನ ಬೆಳವಣಿಗೆಯನ್ನು ಹೇಳುತ್ತಿದ್ದದ್ದು ಆ ದಾರ. ನಮ್ಮ ಹಳ್ಳಿಗಳ ಅನೇಕ ಮುಸ್ಲಿಂ ಮನೆಗಳಲ್ಲೂ ಕೂಸಿನ ಸೊಂಟಕ್ಕೆ ಕರಿದಾರ ಕಟ್ಟುವ ರೂಢಿ ಇತ್ತು.

ಹೊಲಿದ ಅಂಗಿಯಲ್ಲೂ ಹಿರಿಯರು ಇದೇ ಜಾಣ್ಮೆ ತೋರಿದರು. ಕುಲಾವಿಗೂ ಕೂಸಿನ ಅಂಗಿಗೂ ಗುಂಡಿಯ ಬದಲು ಕಸೆ ಇಟ್ಟರು. ಕಸೆ ಸಡಿಲಿಸಿದರೆ ಅದೇ ಅಂಗಿ ಇನ್ನೂ ಕೆಲವು ತಿಂಗಳು ಬರುತ್ತದೆ. ಹೀಗಾಗಿ ಗಾದೆ ನಗಾಡಿದರೂ, ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದು ಸಾಧ್ಯವಿತ್ತು. ಮೊದಲ ಕೆಲವು ದಿನ ಕೂಸಿಗೆ ಹೊಸ ಬಟ್ಟೆ ಹಾಕದೆ, ಒಗೆದು ಮೆತ್ತಗಾದ ಹಳೆಯ ಸೀರೆಯ ತುಂಡನ್ನೇ ಸುತ್ತುತ್ತಿದ್ದುದೂ ಇದೇ ವಿವೇಕ. ಅಖೀಖಾ, ತೊಟ್ಟಿಲ ಕಾರ್ಯ, ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನಕ್ಕೆ ಮಾಡುವ ಬಿಸ್ಮಿಲ್ಲಾದ ಶಾಸ್ತ್ರ: ಹೊಸ ಬಟ್ಟೆ ಬರುತ್ತಿದ್ದದ್ದು ಇಂತಹ ಸಂದರ್ಭಗಳಲ್ಲಿ.

ಎಮ್ಮಿಗನೂರಿನ ಹೊಲಿಗೆ ಯಂತ್ರ

ಹಂಪಿಯ ಕಡೆಯಿಂದ ಕಂಪ್ಲಿಯನ್ನು ದಾಟಿ ಮುಂದೆ ಹೋದರೆ ತುಂಗಭದ್ರೆಯ ನೀರುಂಡ ಭತ್ತದ ಸೀಮೆಯಲ್ಲಿ ಎಮ್ಮಿಗನೂರು ಇದೆ. ಕರ್ನೂಲು ಜಿಲ್ಲೆಯಲ್ಲಿ ನೇಕಾರಿಕೆಗೆ ಹೆಸರಾದ ಎಮ್ಮಿಗನೂರು ಬೇರೆ. ಇದು ನಮ್ಮ ಬಳ್ಳಾರಿ ಜಿಲ್ಲೆಯದು, ಬೇಸಾಯದ ಊರು. ಇಂತಹ ಊರುಗಳಲ್ಲಿ ಹೊಲಿಗೆ ಯಂತ್ರದ ಸದ್ದು ಎಂದರೆ ಹಬ್ಬದ ಸದ್ದು. ಅಮೆರಿಕದ ಸಿಂಗರ್ 1851ರಲ್ಲಿ ಹಕ್ಕುಪತ್ರ ಪಡೆದ ಯಂತ್ರ ನಮ್ಮ ನಾಡಿಗೆ ಬಂದು, 1930ರ ದಶಕದಲ್ಲಿ ಕಲ್ಕತ್ತಾದಲ್ಲಿ ‘ಉಷಾ’ ಯಂತ್ರವೂ ತಯಾರಾಗತೊಡಗಿದ ಮೇಲೆ ಹಳ್ಳಿಯ ಕಟ್ಟೆಯ ಮೇಲೂ ಒಬ್ಬ ದರ್ಜಿ ಕೂರುವಂತಾಯಿತು.

ರಂಜಾನ್, ಯುಗಾದಿ, ದಸರೆ ಬಂದರೆ ದರ್ಜಿಗೆ ನಿದ್ದೆಯಿಲ್ಲ. ಎಲ್ಲ ಮನೆಯ ಮಕ್ಕಳೂ ಅವನ ಎದುರು ಕೈ ಅಗಲಿಸಿ ನಿಲ್ಲಬೇಕು. ನಮಗೆ ನೆನಪಿರುವ ಮಾತುಕತೆ ಹೀಗಿರುತ್ತಿತ್ತು:

“ಸಾಬಣ್ಣ, ಬೆಳ್ಯಾ ಹುಡುಗ ಐತಿ, ಎರಡು ಬೆರಳು ಹೆಚ್ಚಿಗೆ ಬಿಡು.”

“ಹೋದ ಸಲಾನೂ ಎರಡು ಬೆರಳು ಬಿಟ್ಟೀನಿ ಯಕ್ಕಾ. ಒಳಗ ಮಡಿಚೀನಿ ನೋಡು, ಅದನ್ನ ಬಿಚ್ಚಿದರ ಈ ಹಬ್ಬಕ್ಕೂ ಬರ್ತದ.”

ಈ ಎರಡು ಬೆರಳಿನ ಒಳಮಡಿಕೆಯಲ್ಲಿ ಬಡವರ ಮನೆಯ ಅರ್ಥಶಾಸ್ತ್ರವೇ ಇತ್ತು. ಅಣ್ಣನ ಚಡ್ಡಿ ತಮ್ಮನಿಗೆ, ಅವನಿಂದ ಚಿಕ್ಕಮ್ಮನ ಮಗನಿಗೆ, ಕೊನೆಗೆ ಕೌದಿಗೆ. ಮಡಿಕೆ ಬಿಚ್ಚಿದ ಜಾಗದಲ್ಲಿ ಬಿಸಿಲು ಕಾಣದ ಗಾಢ ಬಣ್ಣದ ಪಟ್ಟಿ ಎದ್ದು ಕಾಣುತ್ತಿತ್ತು. ಅದಕ್ಕಾಗಿ ಶಾಲೆಯಲ್ಲಿ ನಾವು ನಾಚಿಕೊಂಡದ್ದುಂಟು. ಇಂದು ಯೋಚಿಸಿದರೆ ಆ ಪಟ್ಟಿ ನಾವು ಬೆಳೆದದ್ದಕ್ಕೆ ಸಾಕ್ಷಿಯಾಗಿತ್ತು.

ಇನ್ನೊಂದು ಸಾಕ್ಷಿ ದರ್ಜಿಯ ಅಳತೆ ಪುಸ್ತಕ. ಉದ್ದ, ಎದೆ, ಸೊಂಟ, ತೋಳು; ಪಕ್ಕದಲ್ಲಿ ಬಟ್ಟೆಯ ಒಂದು ಚೂರು. ಕೆಲವರು ಉರ್ದು ಅಂಕಿಯಲ್ಲಿ, ಕೆಲವರು ಕನ್ನಡದಲ್ಲಿ ಬರೆಯುತ್ತಿದ್ದರು. 1956ರಲ್ಲಿ ದಶಮಾಂಶ ಪದ್ಧತಿಯ ಕಾಯಿದೆ ಬಂದು ಬಟ್ಟೆ ಮೀಟರಿಗೆ ತಿರುಗಿದರೂ, ಅವರ ಲೆಕ್ಕ ಇಂಚಿನಲ್ಲೇ ಉಳಿಯಿತು. ಒಂದೇ ಮಗುವಿನ ಮೂರು-ನಾಲ್ಕು ವರ್ಷಗಳ ಅಳತೆ ಆ ಪುಸ್ತಕಗಳಲ್ಲಿ ಸಿಗುತ್ತಿತ್ತು. ಅರಸರ ದಾನ-ದತ್ತಿಗಳನ್ನು ಕಲ್ಲಿನಲ್ಲಿ ಕೆತ್ತಿದ ನಾಡು ನಮ್ಮದು. ಹಳ್ಳಿಯ ಮಕ್ಕಳ ಮೈಯ ದಾಖಲೆ ಇದ್ದದ್ದು ಈ ಜಿಡ್ಡು ಹಿಡಿದ ಪುಸ್ತಕಗಳಲ್ಲಿ. ಅವನ್ನು ಯಾರೂ ಕಾಪಾಡಲಿಲ್ಲ. ತುಂಬಿದ ಪುಸ್ತಕ ರದ್ದಿಗೆ ಹೋಯಿತು.

ಅಳತೆ ಹೋಗಿ ನಂಬರು ಬಂತು

ಈಗ ಹೊಸಪೇಟೆ, ಕಂಪ್ಲಿಗಳ ಅಂಗಡಿಗಳಲ್ಲಿ ಸಿದ್ಧ ಉಡುಪು ತೂಗುತ್ತದೆ. ಮಗುವನ್ನು ಕರೆದೊಯ್ಯುವ ಅಗತ್ಯವೂ ಇಲ್ಲ. ವಯಸ್ಸು ಹೇಳಿದರೆ ಸಾಕು, ಅಂಗಡಿಯವರು ನಂಬರು ಹೇಳುತ್ತಾರೆ. ಈ ನಂಬರು ಎಲ್ಲಿಂದ ಬಂತು?

ಅದರ ಮೂಲದಲ್ಲೂ ಒಂದು ಮಗುವಿನ ಅಂಗಿ ಇದೆ ಎಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ದರ್ಜಿ ಎಬೆನೆಜರ್ ಬಟರಿಕ್ 1863ರಲ್ಲಿ ಹಲವು ಅಳತೆಗಳ ಕಾಗದದ ನಮೂನೆಗಳನ್ನು ಮಾರತೊಡಗಿದ. ಪುಟ್ಟ ಮಗನಿಗೆ ಅಂಗಿ ಹೊಲಿಯಲು ಕೂತ ಅವನ ಹೆಂಡತಿ ಎಲೆನ್, ಬೇರೆ ಬೇರೆ ಅಳತೆಯ ನಮೂನೆಗಳು ಸಿಗುವಂತಿದ್ದರೆ ಎಷ್ಟು ಅನುಕೂಲವಿತ್ತು ಎಂದದ್ದೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಆಮೇಲೆ ಕಾರ್ಖಾನೆಗಳು ಬಂದವು. ಒಬ್ಬೊಬ್ಬರು ಒಂದೊಂದು ನಂಬರು ಹಾಕಿದ್ದರಿಂದ ಗೊಂದಲ ಹೆಚ್ಚಿತು. ಆಗ ಅಮೆರಿಕ ಸರ್ಕಾರ 1937ರಿಂದ 1939ರ ನಡುವೆ 4ರಿಂದ 17 ವರ್ಷದ ಸುಮಾರು 1 ಲಕ್ಷ 47 ಸಾವಿರ ಮಕ್ಕಳನ್ನು ಅಳೆಯಿಸಿತು. ಒಬ್ಬೊಬ್ಬರಿಗೆ 36 ಅಳತೆಗಳು. 1941ರಲ್ಲಿ ಪ್ರಕಟವಾದ ವರದಿ ಒಂದು ಸರಳ ಸತ್ಯವನ್ನು ಹೇಳಿತು: ಮಕ್ಕಳ ಬಟ್ಟೆಗೆ ವಯಸ್ಸು ಒಳ್ಳೆಯ ಅಳತೆಯಲ್ಲ. ಎತ್ತರವನ್ನೂ ಸೊಂಟದ ಕೆಳಗಿನ ಸುತ್ತಳತೆಯನ್ನೂ ನೋಡಬೇಕು.

ಯುರೋಪಿನವರು ಈ ಮಾತನ್ನು ಒಪ್ಪಿ ಎತ್ತರವನ್ನೇ ನಂಬರು ಮಾಡಿಕೊಂಡರು. ಅಲ್ಲಿಯ 62, 68, 74, 80 ಎಂಬ ನಂಬರುಗಳು ಮಗುವಿನ ಉದ್ದದ ಸೆಂಟಿಮೀಟರುಗಳು. ನಮ್ಮ ಅಂಗಡಿಗಳಲ್ಲಿ ‘18 ನಂಬರು, 20 ನಂಬರು’ ಎಂಬುದು ಬಹುಮಟ್ಟಿಗೆ ಇಂಚಿನ ಲೆಕ್ಕ. ದೊಡ್ಡ ಕಂಪೆನಿಗಳ ಬಟ್ಟೆಯ ಚೀಟಿಯಲ್ಲಿ ಮಾತ್ರ ‘2-3 ವರ್ಷ’, ‘4-5 ವರ್ಷ’ ಎಂದು ವಯಸ್ಸೇ ಇರುತ್ತದೆ. ವಯಸ್ಸು ಸರಿಯಾದ ಅಳತೆಯಲ್ಲವೆಂದು 1941ರಲ್ಲೇ ಗೊತ್ತಾಗಿದ್ದರೂ ಆ ಪದ್ಧತಿ ಹೋಗಲಿಲ್ಲ.

ಯಾರ ಮಗುವಿನ ಅಳತೆ?

ಇಲ್ಲೇ ನಮ್ಮ ಚಿಂತೆ ಶುರುವಾಗುವುದು. ಮಗುವಿಗೆ ‘5 ವರ್ಷ’ದ ಅಂಗಿ ದೊಡ್ಡದಾದಾಗ ತಾಯಿ ಎರಡು ರೀತಿಯಲ್ಲಿ ತಪ್ಪಬಹುದು. ಒಂದು, ಆರೋಗ್ಯವಾಗಿರುವ ಮಗುವನ್ನೇ ‘ಬೆಳವಣಿಗೆಯಿಲ್ಲ’ ಎಂದು ನೆಂಟರೆದುರು ಹಳಿಯುವುದು. ಎರಡು, ನಿಜವಾಗಿಯೂ ಬೆಳವಣಿಗೆ ನಿಂತಿದ್ದರೂ ‘ಕಂಪೆನಿಯ ಅಳತೆಯೇ ಹಾಗೆ’ ಎಂದು ಚಿಕ್ಕ ನಂಬರು ತಂದು ಸುಮ್ಮನಾಗುವುದು. ಎರಡನೆಯ ತಪ್ಪು ಹೆಚ್ಚು ದುಬಾರಿ.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಬೆಳವಣಿಗೆಯ ಮಾನದಂಡಗಳನ್ನು ಪ್ರಕಟಿಸಿತು. ಆರು ದೇಶಗಳ ಸುಮಾರು 8,500 ಮಕ್ಕಳನ್ನು ನೋಡಿ ಮಾಡಿದ ಲೆಕ್ಕವದು. ಅವರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಒಳ್ಳೆಯ ಆಹಾರ, ಆರೈಕೆ ಸಿಕ್ಕರೆ ಐದು ವರ್ಷದೊಳಗಿನ ಮಕ್ಕಳು ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಎಂದು ಅದು ತೋರಿಸಿತು. ಅದರ ಪ್ರಕಾರ ಐದು ವರ್ಷದ ಹುಡುಗನ ನಡುಮಟ್ಟದ ಎತ್ತರ 110 ಸೆಂಟಿಮೀಟರ್. 100.7ಕ್ಕಿಂತ ಕಡಿಮೆಯಿದ್ದರೆ ಅದನ್ನು ಕುಂಠಿತ ಬೆಳವಣಿಗೆ ಎನ್ನುತ್ತಾರೆ. ಆ ಎತ್ತರದ ಮಗುವಿಗೆ ಸರಿಹೊಂದುವುದು ಮೂರು-ನಾಲ್ಕು ವರ್ಷದವರ ಅಂಗಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಂದಿ ಹೀಗೆ ಕುಂಠಿತರಾಗಿದ್ದರು. ಮೂವರಲ್ಲಿ ಒಬ್ಬರು! ಬಟ್ಟೆ ಅಂಗಡಿಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನಂಬರು ಬದಲಾಯಿಸಿದರೆ ಅಂಗಿ ಸರಿಹೋಗುತ್ತದೆ.

ನಮ್ಮ ದೇಶದವರ ಮೈಗೆ ನಮ್ಮದೇ ಅಳತೆ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ಕೇಂದ್ರ ಜವಳಿ ಸಚಿವಾಲಯದ ನೆರವಿನಿಂದ ‘ಇಂಡಿಯಾ ಸೈಜ್’ ಎಂಬ ಸಮೀಕ್ಷೆಯನ್ನು ಕೈಗೊಂಡಿದೆ. ಆರು ನಗರಗಳಲ್ಲಿ 25 ಸಾವಿರ ಮಂದಿಯನ್ನು ಯಂತ್ರದಿಂದ ಅಳೆಯುವ ಯೋಜನೆಯಿದು. ಬೆಂಗಳೂರೂ ಅದರಲ್ಲಿ ಸೇರಿದೆ. ಸ್ವಾಗತಾರ್ಹ ಕೆಲಸ. ಆದರೆ ಅದಕ್ಕೆ ಆಯ್ದ ವಯಸ್ಸು 15ರಿಂದ 65. ಎಳೆಯ ಮಕ್ಕಳು ಅದರಲ್ಲಿಲ್ಲ, ಹಳ್ಳಿಯೂ ಇಲ್ಲ. ನಮ್ಮ ಬಳ್ಳಾರಿಯ ಜೀನ್ಸ್ ದೇಶದ ಮೂಲೆಮೂಲೆಗೂ ಹೋಗುತ್ತದೆ. ಅದನ್ನು ಹೊಲಿಯುವ ತಾಯಂದಿರ ಮಕ್ಕಳ ಅಳತೆ ಯಾವ ಪಟ್ಟಿಯಲ್ಲಿದೆ?

ನಾವು ಮಾಡಬಹುದಾದದ್ದು

ಚೀಟಿಯ ಮೇಲಿನ ವಯಸ್ಸು ನಮ್ಮ ಮಗುವನ್ನು ಊರ ಮಕ್ಕಳೊಡನೆ ಹೋಲಿಸುತ್ತದೆ. ದರ್ಜಿಯ ಪುಸ್ತಕ ಮಗುವನ್ನು ಹೋದ ವರ್ಷದ ಅದೇ ಮಗುವಿನೊಡನೆ ಹೋಲಿಸುತ್ತಿತ್ತು. ಆ ಎರಡನೆಯ ಹೋಲಿಕೆಯನ್ನು ನಾವು ಮನೆಯಲ್ಲಿ ಉಳಿಸಿಕೊಳ್ಳಬಹುದು. ಖರ್ಚು ಒಂದು ಟೇಪು, ಒಂದು ನೋಟುಪುಸ್ತಕ.

ನಿಲ್ಲುವ ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಗುರುತು ಹಾಕಬೇಕು. ಕೂಸನ್ನು ಇಬ್ಬರು ಸೇರಿ ಮಲಗಿಸಿ ಅಳೆಯಬೇಕು. ಕಂಕುಳ ಕೆಳಗೆ ಎದೆಯ ಸುತ್ತಳತೆ, ಸೊಂಟ, ತೋಳಿನ ಉದ್ದ ಬರೆದಿಡಬೇಕು. ಅಂಗಡಿಯಲ್ಲಿ ವಯಸ್ಸಿನ ಬದಲು ಈ ಅಳತೆ ಹೇಳಬೇಕು. ಬೆಳೆಯುವ ಮೈಗೆ ಜಾಗ ಬಿಡುವುದಾದರೆ ಉದ್ದದಲ್ಲಿ ಬಿಟ್ಟು ಒಳಗೆ ಮಡಿಚಿರಲಿ. ಭುಜ, ಕುತ್ತಿಗೆ ದೊಡ್ಡದಾದರೆ ಅಂಗಿ ಜಾರುತ್ತದೆ, ಪೈಜಾಮದ ಕಾಲು ಉದ್ದವಾದರೆ ಮಗು ಎಡವುತ್ತದೆ. ಹತ್ತಿಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿದ ಮೇಲೆಯೇ ಕತ್ತರಿಸಲು ಕೊಡಬೇಕು. ಕುತ್ತಿಗೆಯ ಬಳಿ ಉದ್ದನೆಯ ಕಸೆ ಬೇಡ. ಆಟದ ಜಾರುಬಂಡಿಗಳಲ್ಲಿ ಇಂತಹ ದಾರ ಸಿಕ್ಕಿಕೊಂಡು ಮಕ್ಕಳು ಸತ್ತ ಕಾರಣ ಅಮೆರಿಕದಲ್ಲಿ 1996ರಲ್ಲೇ ಇದರ ವಿರುದ್ಧ ಸೂಚನೆ ಹೊರಡಿಸಬೇಕಾಯಿತು.

ಎಲ್ಲಕ್ಕಿಂತ ಮುಖ್ಯ ಇನ್ನೊಂದಿದೆ. ಎರಡು ವರ್ಷ ತುಂಬಿದ ಮೇಲೂ ಐದರವರೆಗೆ ಮಗು ವರ್ಷಕ್ಕೆ ಆರೇಳು ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಬೆಳೆಯಬೇಕು, ಆಮೇಲೂ ಐದಾರು. ಆದ್ದರಿಂದ ಹೋದ ಹಬ್ಬಕ್ಕೆ ಮೈಗೆ ಸರಿಯಾಗಿ ಹೊಲಿಸಿದ ಅಂಗಿ ಮಡಿಕೆ ಬಿಚ್ಚದೆಯೇ ಈ ಹಬ್ಬಕ್ಕೂ ಸರಿಹೋದರೆ, ಖರ್ಚು ಉಳಿಯಿತೆಂದು ಹಿಗ್ಗುವ ಮೊದಲು ಒಮ್ಮೆ ನಿಲ್ಲೋಣ. ಮಗುವನ್ನು ಅಂಗನವಾಡಿಗೋ ವೈದ್ಯರ ಬಳಿಗೋ ಕರೆದೊಯ್ದು ತೂಕ, ಎತ್ತರ ನೋಡಿಸೋಣ. ಜಾರಿದ ಉಡದಾರವನ್ನು ಕಂಡು ಅಜ್ಜಿ ಮಾಡುತ್ತಿದ್ದದ್ದೂ ಇದನ್ನೇ: ಅವಳು ಮೊದಲು ಕೂಸಿನ ಮುಖ ನೋಡುತ್ತಿದ್ದಳು.

ಅರಸರ ಕುಲ್ಲಾಯಿ ಇಂದು ಪ್ರತಿಮೆಯ ಮೇಲೆ ಲೋಹವಾಗಿ ನಿಂತಿದೆ. ಅದು ಇನ್ನು ಬಿಗಿಯಾಗುವುದೂ ಇಲ್ಲ, ಸಡಿಲಾಗುವುದೂ ಇಲ್ಲ. ಮಗುವಿನ ಕುಲಾವಿ ಮಾತ್ರ ಆರು ತಿಂಗಳಿಗೆ ಚಿಕ್ಕದಾಗಬೇಕು. ಚಿಕ್ಕದಾದರೆ ಅದೇ ಬರ್ಕತ್ತು.