ವಿದ್ಯಾಮಂದಿರದ ಮೂರು ಬಾಗಿಲುಗಳು

ವಿದ್ಯಾಮಂದಿರದ ಪ್ರವೇಶವೆಂದರೆ ಒಂದೇ ಬಾಗಿಲನ್ನು ದಾಟುವ ಕಾರ್ಯವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅರ್ಜಿಯನ್ನು ಕಳುಹಿಸುವುದು, ಅಂಕಗಳನ್ನು ತೋರಿಸುವುದು, ಒಪ್ಪಿಗೆಯ ಕಾಗದ ಬಂದರೆ ಹಿಗ್ಗುವುದು, ಬಾರದಿದ್ದರೆ ಕುಗ್ಗುವುದು. ಇಷ್ಟಕ್ಕೆ ಕಥೆ ಮುಗಿಯಿತೆಂದು ತಿಳಿಯುತ್ತೇವೆ. ಆದರೆ ಉನ್ನತ ಸಂಶೋಧನೆಯ ವಿದ್ಯಾಪೀಠಗಳ ಚರಿತ್ರೆಯನ್ನು ನೋಡಿದರೆ ಅಲ್ಲಿ ಮೂರು ಬಾಗಿಲುಗಳಿರುವುದು ಕಾಣುತ್ತದೆ. ಮೊದಲನೆಯದು, ಒಳಗೆ ಬರಗೊಡುವ ಬಾಗಿಲು. ಎರಡನೆಯದು, ಒಳಗೆ ಬಂದವರಿಗೆ ಸಮಾನವಾಗಿ ಕೆಲಸಮಾಡಗೊಡುವ ಬಾಗಿಲು. ಮೂರನೆಯದು, ಮಾಡಿದ ಕೆಲಸಕ್ಕೆ ಮುದ್ರೆಯೊತ್ತಿ ಗೌರವದಿಂದ ಕಳುಹಿಸಿಕೊಡುವ ಬಾಗಿಲು. ಈ ಮಾತಿಗೆ ದೃಷ್ಟಾಂತವನ್ನರಸಿ ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಹಳಬರು 'ತಾತಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ಚರಿತ್ರೆಯಲ್ಲಿಯೇ, ಮೂವರು ಸ್ತ್ರೀಯರ ಜೀವನದಲ್ಲಿ, ಅದು ದೊರೆಯುತ್ತದೆ.

ಈ ಸಂಸ್ಥೆ ಹುಟ್ಟಿದ ಬಗೆಯನ್ನು ಮೊದಲು ನೆನೆಯೋಣ. ಮುಂಬಯಿಯ ವರ್ತಕಶ್ರೇಷ್ಠರಾದ ಜೇಮ್ಷೇಟ್‌ಜಿ ತಾತಾ ಅವರು ತಮ್ಮ ಆಸ್ತಿಯ ಒಂದು ದೊಡ್ಡ ಭಾಗವನ್ನು ಇಂಥ ವಿದ್ಯಾಪೀಠಕ್ಕಾಗಿ ಮುಡಿಪಿಟ್ಟರು. ಸ್ಥಳವನ್ನು ಪರೀಕ್ಷಿಸಲು ಬಂದ ಬ್ರಿಟಿಷ್ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೇ ಅವರು ಬೆಂಗಳೂರೇ ತಕ್ಕದ್ದೆಂದು ಸೂಚಿಸಿದರು. ಆ ಕಾಲದಲ್ಲಿ ಮೈಸೂರು ಸಂಸ್ಥಾನದ ಆಡಳಿತವು ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಕೈಯಲ್ಲಿದ್ದಿತು. ಅವರ ಮತ್ತು ಅವರ ಕುಮಾರರಾದ ನಾಲ್ವಡಿ ಕೃಷ್ಣರಾಜ ಒಡೆಯರ ಔದಾರ್ಯದಿಂದ 371 ಎಕರೆ ಭೂಮಿಯು ಸಂಸ್ಥೆಗೆ ದೊರೆಯಿತು. ತಾತಾ ಅವರು ತಮ್ಮ ಕನಸು ಫಲಿಸುವುದನ್ನು ಕಾಣದೆ 1904ರಲ್ಲಿ ತೀರಿಕೊಂಡರು. 1909ರಲ್ಲಿ ಸಂಸ್ಥೆಯು ಶಾಸನಬದ್ಧವಾಗಿ ಸ್ಥಾಪಿತವಾಯಿತು. 1911ರ ಜುಲೈ ತಿಂಗಳಲ್ಲಿ ಮೊದಲ ವಿದ್ಯಾರ್ಥಿಗಳು ಒಳಗೆ ಬಂದರು. ಒಬ್ಬ ವರ್ತಕನ ಧನ, ಒಂದು ಸಂಸ್ಥಾನದ ನೆಲ, ಸರ್ಕಾರದ ನೆರವು, ಈ ಮೂರೂ ಕೂಡಿ ಬೆಳೆದ ವಿದ್ಯಾಪೀಠವಾದುದರಿಂದ ಅದು ನಾಡಿನ ಸೊತ್ತು. ಅಂಥ ಸೊತ್ತಿನ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ತೆರೆಯದು ಎಂಬುದು ನಾಡಿನವರೆಲ್ಲರೂ ಕೇಳತಕ್ಕ ಪ್ರಶ್ನೆ.

1933ರಲ್ಲಿ ಆ ಪ್ರಶ್ನೆಯನ್ನು ಒಬ್ಬ ತರುಣಿ ಕೇಳಿದಳು. ಆಕೆಯ ಹೆಸರು ಕಮಲಾ ಭಾಗವತ. ಮದುವೆಯಾದ ಮೇಲೆ ಕಮಲಾ ಸೋಹೋನಿ ಎಂದು ಪ್ರಸಿದ್ಧರಾದವರು. ಮರಾಠಿಯ ಖ್ಯಾತ ಲೇಖಕಿ ದುರ್ಗಾ ಭಾಗವತರು ಅವರ ಅಕ್ಕ. ಅವರ ತಂದೆಯೂ ಚಿಕ್ಕಪ್ಪನೂ ಇದೇ ತಾತಾ ಇನ್‌ಸ್ಟಿಟ್ಯೂಟಿನಲ್ಲಿ ರಸಾಯನಶಾಸ್ತ್ರವನ್ನು ಕಲಿತವರು. ಕಮಲಾ ಅವರು ಮುಂಬಯಿ ಯೂನಿವರ್ಸಿಟಿಯ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನವನ್ನು ಪಡೆದು, ಮನೆಯವರು ನಡೆದ ದಾರಿಯಲ್ಲಿಯೇ ನಡೆಯಬೇಕೆಂದು ಅರ್ಜಿ ಸಲ್ಲಿಸಿದರು. ನೊಬೆಲ್ ಪಾರಿತೋಷಕದಿಂದ ಲೋಕವಿಖ್ಯಾತರಾಗಿದ್ದ ಸರ್ ಸಿ. ವಿ. ರಾಮನ್ ಅವರು ಆ ವರ್ಷವೇ ಸಂಸ್ಥೆಯ ಡೈರೆಕ್ಟರ್ ಪದವಿಗೆ ಬಂದಿದ್ದರು. ಅರ್ಜಿಯನ್ನು ಅವರು ನಿರಾಕರಿಸಿದರು. ಅಂಕಗಳಲ್ಲಿ ಕೊರತೆಯಿರಲಿಲ್ಲ, ಕೊರತೆಯೆಂದು ಎಣಿಸಿದ್ದು ಅರ್ಜಿದಾರಳು ಹೆಣ್ಣೆಂಬುದನ್ನು ಮಾತ್ರ.

ಆಗ ದೇಶದಲ್ಲೆಲ್ಲ ಸತ್ಯಾಗ್ರಹವೆಂಬ ಮಾತು ಮನೆಮಾತಾಗಿದ್ದಿತು. ಕಮಲಾ ಅವರು ತಂದೆಯೊಡನೆ ಬೆಂಗಳೂರಿಗೆ ಬಂದು ಡೈರೆಕ್ಟರರನ್ನು ಕಂಡರು. ನಿರಾಕರಣೆಗೆ ಕಾರಣವೇನೆಂದು ಕೇಳಿದರು. ಸತ್ಯಾಗ್ರಹ ಮಾಡಿಯಾದರೂ ಪ್ರವೇಶವನ್ನು ಪಡೆಯುವೆನೆಂದು ನಿಂತರು. ಕೊನೆಗೆ ಬಾಗಿಲು ತೆರೆಯಿತು. ಆದರೆ ಪೂರ್ತಿಯಾಗಿ ಅಲ್ಲ.

ಇಲ್ಲಿಂದ ಎರಡನೆಯ ಬಾಗಿಲಿನ ಕಥೆ. ಮೊದಲ ವರ್ಷ ಅವರನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಎಣಿಸತಕ್ಕದ್ದಲ್ಲ. ಅವರ ಕೆಲಸದ ಗುಣವನ್ನು ನೋಡಿ ಮುಂದೆ ತೀರ್ಮಾನಿಸತಕ್ಕದ್ದು. ಮಾರ್ಗದರ್ಶಕರು ಹೇಳಿದಂತೆ ಅವೇಳೆಯಲ್ಲಿಯಾದರೂ ದುಡಿಯತಕ್ಕದ್ದು. ಗಂಡು ವಿದ್ಯಾರ್ಥಿಗಳ ಮನಸ್ಸು ಚಂಚಲವಾಗದಂತೆ ನಡೆದುಕೊಳ್ಳತಕ್ಕದ್ದು. ಹೀಗೆಂದು ಷರತ್ತುಗಳು ವಿಧಿಸಲ್ಪಟ್ಟುವೆಂದು ಅವರು ಮುಂದೆ ಹೇಳಿದ್ದಾರೆ. ಪರರ ಚಿತ್ತಚಾಂಚಲ್ಯಕ್ಕೆ ತಾವು ಹೊಣೆಯಾಗಬೇಕೆಂಬ ಷರತ್ತು ಜೊತೆಯ ಯಾವ ಗಂಡು ವಿದ್ಯಾರ್ಥಿಗೂ ಇರಲಿಲ್ಲ. ಈ ಅವಮಾನವನ್ನು ನುಂಗಿಕೊಂಡು ಅವರು ಒಪ್ಪಿದರು, ಆದರೆ ಮರೆಯಲಿಲ್ಲ. ಅರವತ್ತು ವರ್ಷಗಳಾಚೆ, ವೃದ್ಧಾಪ್ಯದಲ್ಲಿ, ವಿಜ್ಞಾನಿ ಸ್ತ್ರೀಯರ ಸಭೆಯೊಂದರಲ್ಲಿ ಆ ನೋವನ್ನು ಬಿಚ್ಚುನುಡಿಯಿಂದ ಹೇಳಿಕೊಂಡರು.

ಅವರಿಗೆ ದೊರೆತ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯನವರು, ಶಿಸ್ತಿನಲ್ಲಿ ಕಠಿನರು, ವಿದ್ಯೆಯಲ್ಲಿ ಉದಾರರು. ಹಾಲಿನಲ್ಲಿಯೂ ಬೇಳೆಕಾಳುಗಳಲ್ಲಿಯೂ ಇರುವ ಪ್ರೋಟೀನುಗಳ ವಿಚಾರವಾಗಿ ಕಮಲಾ ಅವರು ಸಂಶೋಧನೆ ನಡೆಸಿದರು. ನಮ್ಮ ಬಡಜನರ ದಿನನಿತ್ಯದ ಊಟಕ್ಕೆ ಸಂಬಂಧಿಸಿದ ವಿಷಯವದು. ಒಂದು ವರ್ಷ ಕಳೆಯುವಷ್ಟರಲ್ಲಿ ಅವರ ಕೆಲಸವು ಡೈರೆಕ್ಟರರಿಗೇ ಮೆಚ್ಚಿಗೆಯಾಯಿತು, ಷರತ್ತುಗಳು ಕಳಚಿಬಿದ್ದುವು. 1936ರಲ್ಲಿ ಎಂ.ಎಸ್‌ಸಿ. ಪದವಿಯನ್ನು ಪಡೆದು, ಕೇಂಬ್ರಿಜ್‌ಗೆ ಹೋಗಿ, ಸಸ್ಯಗಳ ಉಸಿರಾಟಕ್ಕೆ ಸಂಬಂಧಿಸಿದ 'ಸೈಟೊಕ್ರೋಮ್ ಸಿ' ಎಂಬ ವಸ್ತುವಿನ ವಿಚಾರದಲ್ಲಿ ಪ್ರಬಂಧವನ್ನು ಬರೆದು, 1939ರಲ್ಲಿ ಪಿಎಚ್.ಡಿ. ಪಡೆದು ಸ್ವದೇಶಕ್ಕೆ ಮರಳಿದರು. ಕಾಲಾಂತರದಲ್ಲಿ ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ಡೈರೆಕ್ಟರ್ ಪೀಠವನ್ನು ಅವರೇ ಅಲಂಕರಿಸಿದರು.

ರಾಮನ್ ಅವರ ವಿಷಯದಲ್ಲಿಯೂ ನ್ಯಾಯವಾಗಿ ಮಾತನಾಡಬೇಕು. ಬೆಳಕಿನ ಸ್ವಭಾವವನ್ನು ಅಷ್ಟು ಸೂಕ್ಷ್ಮವಾಗಿ ಕಂಡವರು ಹತ್ತಿರದ ಒಂದು ಸತ್ಯವನ್ನು ಕೂಡಲೇ ಕಾಣದೆಹೋದುದು ಆಶ್ಚರ್ಯ. ಆದರೆ ಕಾಣಿಸಿದ ಮೇಲೆ ಕಣ್ಣು ಮುಚ್ಚಿಕೊಳ್ಳಲಿಲ್ಲವೆಂಬುದೂ ನಿಜ. ಮುಂದಿನ ವರ್ಷಗಳಲ್ಲಿ ಅವರ ಸ್ವಂತ ಪ್ರಯೋಗಶಾಲೆಯಲ್ಲಿಯೇ ಸ್ತ್ರೀಯರು ಸಂಶೋಧನೆ ನಡೆಸಿದರು. ಅವರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಜನಿಸಿದ ಅನ್ನಾ ಮಣಿಯವರು ಒಬ್ಬರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಆನರ್ಸ್ ಪದವಿ ಪಡೆದು, 1940ರಲ್ಲಿ ವಿದ್ಯಾರ್ಥಿವೇತನದೊಡನೆ ಬೆಂಗಳೂರಿಗೆ ಬಂದ ಅವರಿಗೆ ಮೊದಲ ಬಾಗಿಲು ಸುಲಭವಾಗಿಯೇ ತೆರೆಯಿತು. ವಜ್ರ ಮಾಣಿಕ್ಯಗಳ ವರ್ಣಪಟಲವನ್ನು ಕುರಿತು ಐದು ವರ್ಷ ದುಡಿದು, ಐದು ಲೇಖನಗಳನ್ನು ಪ್ರಕಟಿಸಿದರು.

ಮೂರನೆಯ ಬಾಗಿಲು ಮುಚ್ಚಿದ್ದುದು ಅವರಿಗೆ. ಸಂಶೋಧನೆಗೆ ಪದವಿ ಕೊಡುವ ಅಧಿಕಾರವು ಆಗ ಇನ್‌ಸ್ಟಿಟ್ಯೂಟಿಗೆ ಇರಲಿಲ್ಲ. ಪ್ರಬಂಧವು ಹೊರಗಿನ ಯೂನಿವರ್ಸಿಟಿಗೆ ಹೋಗಬೇಕು. 1945ರಲ್ಲಿ ಅನ್ನಾ ಮಣಿಯವರು ಮದರಾಸು ಯೂನಿವರ್ಸಿಟಿಗೆ ಪ್ರಬಂಧವನ್ನು ಸಲ್ಲಿಸಿದರು. ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಪಿಎಚ್.ಡಿ. ನಿರಾಕರಿಸಲ್ಪಟ್ಟಿತು. ಸಂಶೋಧನೆಗೆ ಯೋಗ್ಯರೆಂದು ಕರೆದು, ಐದು ವರ್ಷ ದುಡಿಸಿಕೊಂಡ ಮೇಲೆ, ಪದವಿಗೆ ಯೋಗ್ಯರಲ್ಲವೆಂದು ಹೇಳಿದಂತಾಯಿತು. ಅವರು ಇದನ್ನೇ ಹಿಡಿದು ಕೊರಗುತ್ತ ಕುಳಿತವರಲ್ಲ. ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ಶಾಸ್ತ್ರವನ್ನು ಕಲಿತು, 1948ರಲ್ಲಿ ಹಿಂದಿರುಗಿ, ಮಳೆ ಗಾಳಿ ಬಿಸಿಲುಗಳನ್ನು ಅಳೆಯುವ ಯಂತ್ರಗಳು ಈ ದೇಶದಲ್ಲಿಯೇ ತಯಾರಾಗುವಂತೆ ಮಾಡಿದರು. ದೇಶವು ಅವರಿಂದ ಪಡೆದುದು ಬಹಳ; ಅವರ ಹೆಸರಿನ ಮುಂದೆ ಡಾಕ್ಟರ್ ಎಂಬ ಎರಡಕ್ಷರವನ್ನಿಡಲು ಮಾತ್ರ ನಿಯಮವು ಬಿಡಲಿಲ್ಲ.

ಇನ್ನೊಬ್ಬರು ನಮ್ಮ ನಾಡಿನವರೇ ಆದ ರಾಜೇಶ್ವರಿ ಚಟರ್ಜಿ. 1922ರಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ ಪ್ರಥಮ ಸ್ಥಾನವನ್ನು ಪಡೆದವರು. ರಾಮನ್ ಅವರಲ್ಲಿ ಕೆಲಸಮಾಡಬೇಕೆಂದು ಹೋದಾಗ, ಭೌತಶಾಸ್ತ್ರದ ಪದವಿ ಇಲ್ಲವೆಂದು ಅವರು ಒಪ್ಪಲಿಲ್ಲವೆಂದು ಹೇಳುತ್ತಾರೆ. ಈ ನಿರಾಕರಣೆಗೂ 1933ರ ನಿರಾಕರಣೆಗೂ ಇರುವ ಅಂತರವನ್ನು ಗಮನಿಸಬೇಕು. ಇಲ್ಲಿ ಹೇಳಿದ ಕಾರಣ ವಿದ್ಯೆಗೆ ಸಂಬಂಧಿಸಿದುದು; ಅಂಥ ಕಾರಣಕ್ಕೆ ಬೇರೊಂದು ದಾರಿಯಿರುತ್ತದೆ. ಅವರು 1943ರಲ್ಲಿ ಅದೇ ಸಂಸ್ಥೆಯ ವಿದ್ಯುತ್ ಶಾಖೆಯನ್ನು ಸೇರಿದರು. ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಮಿಷಿಗನ್‌ಗೆ ಹೋಗಿ ಪಿಎಚ್.ಡಿ. ಪಡೆದು, 1953ರಲ್ಲಿ ಹಿಂದಿರುಗಿ ಬೆಂಗಳೂರಿನಲ್ಲಿಯೇ ಅಧ್ಯಾಪಕಿಯಾದರು. ಮೈಕ್ರೋವೇವ್ ಶಾಸ್ತ್ರದಲ್ಲಿ ಶಿಷ್ಯಪರಂಪರೆಯನ್ನು ಬೆಳೆಸಿದರು. ಬಾಗಿಲಿನ ಹೊರಗೆ ನಿಂತಿದ್ದವರು ಒಳಗಿನಿಂದ ಬಾಗಿಲು ತೆರೆಯುವವರಾದರು.

1958ರಲ್ಲಿ ಇನ್‌ಸ್ಟಿಟ್ಯೂಟಿಗೆ ಯೂನಿವರ್ಸಿಟಿಯ ಸ್ಥಾನ ದೊರೆಯಿತು. ಪದವಿಗಾಗಿ ಹೊರಗೆ ಕೈಯೊಡ್ಡುವ ಕಾಲ ಮುಗಿಯಿತು. 2011ರಿಂದ ಎಳೆಯ ವಯಸ್ಸಿನವರಿಗೂ ಪದವಿ ತರಗತಿಗಳು ತೆರೆದಿವೆ. ಇಂದಿನ ಪ್ರವೇಶವು ದೇಶವ್ಯಾಪಿಯಾದ ಪರೀಕ್ಷೆಗಳಿಂದ ನಿರ್ಣಯವಾಗುತ್ತದೆ. ಆಯ್ಕೆ ಕಠಿನ, ಆಸೆಪಡುವವರು ಅಸಂಖ್ಯ. ಆಯ್ಕೆ ಇರಬಾರದೆಂದು ಯಾರೂ ಹೇಳಲಾರರು; ಉನ್ನತ ವಿದ್ಯೆಯ ಮೆಟ್ಟಿಲು ಎತ್ತರವಾಗಿಯೇ ಇರಬೇಕು. ಆದರೆ ಮೆಟ್ಟಿಲಿನ ಎತ್ತರವು ಎಲ್ಲರಿಗೂ ಒಂದೇ ಆಗಿರಬೇಕು, ಅಳೆಯುವ ಕೋಲು ಎಲ್ಲರಿಗೂ ಕಾಣುವಂತಿರಬೇಕು. ಬರೆದ ನಿಯಮವನ್ನು ಓದಿ ತಿದ್ದಬಹುದು. ಬರೆಯದ ನಿಯಮವು ಯಾರಾದರೊಬ್ಬರು ಬಂದು ಬಾಗಿಲನ್ನು ತಟ್ಟುವವರೆಗೆ ಹೊರಗೆ ತೋರುವುದೇ ಇಲ್ಲ. ಮಹಾರಾಣಿಯೊಬ್ಬರ ಆಡಳಿತದಲ್ಲಿ ನೆಲ ಪಡೆದ ವಿದ್ಯಾಪೀಠದಲ್ಲಿ ಹೆಣ್ಣುಮಗಳೊಬ್ಬಳು ಸತ್ಯಾಗ್ರಹದ ಮಾತನ್ನೆತ್ತಬೇಕಾಯಿತೆಂಬುದನ್ನು, ಪ್ರವೇಶದ ಪಟ್ಟಿಯನ್ನು ಸಿದ್ಧಪಡಿಸುವವರು ನೆನಪಿನಲ್ಲಿಡುವುದು ಒಳ್ಳೆಯದು.